ಪಂಜಾಬಿಗೆ ತನ್ನ ರಾಜ್ಯ ಸಿಗೋಕೆ 1966ರವರೆಗೆ ಯಾಕೆ ಕಾಯಬೇಕಾಯಿತು? ಪಂಜಾಬಿ ಸೂಬಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಂಜಾಬಿ ಸೂಬಾ ಅಂದರೆ ಏನು?

ಸೂಬಾ ಅಂದರೆ ಪ್ರಾಂತ್ಯ. ಪಂಜಾಬಿ ಮಾತಾಡುವ ಜಿಲ್ಲೆಗಳನ್ನೆಲ್ಲ ಸೇರಿಸಿ ಒಂದು ರಾಜ್ಯ ಮಾಡಿ ಅನ್ನುವ ಬೇಡಿಕೆಗೆ ಇದ್ದ ಹೆಸರು ಇದು. ನಮ್ಮಲ್ಲಿ ಏಕೀಕರಣ ಚಳವಳಿ ಇತ್ತಲ್ಲ, ಹೆಚ್ಚುಕಡಿಮೆ ಅಂಥದ್ದೇ. ಆದರೆ ಕರ್ನಾಟಕಕ್ಕೆ 1956ರ ನವೆಂಬರ್ 1ರಂದು ಸಿಕ್ಕಿದ್ದು ಪಂಜಾಬಿಗೆ ಸಿಕ್ಕಿದ್ದು 1966ರ ನವೆಂಬರ್ 1ರಂದು. ಸರಿಯಾಗಿ ಹತ್ತು ವರ್ಷ ತಡ. ಆ ಹತ್ತು ವರ್ಷ ಯಾಕೆ ಹಿಡಿಯಿತು ಅನ್ನುವುದೇ ಈ ಪುಟದ ವಿಷಯ.

ಹಳೆಯ ಪಂಜಾಬ್ ಎಲ್ಲಿಂದ ಎಲ್ಲಿಯವರೆಗೆ ಇತ್ತು?

ಝೇಲಂ, ಚೆನಾಬ್, ರಾವಿ, ಬಿಯಾಸ್, ಸಟ್ಲೆಜ್: ಈ ಐದು ನದಿಗಳ ನಾಡು ಪಂಜಾಬ್. ಆದರೆ ಸರ್ಕಾರದ ನಕ್ಷೆಯಲ್ಲಿದ್ದ ಪಂಜಾಬ್ ಆಗಾಗ ಹಿಗ್ಗುತ್ತಾ ಕುಗ್ಗುತ್ತಾ ಬಂದಿದೆ. ಬ್ರಿಟಿಷರು ಅದನ್ನು ವಶಪಡಿಸಿಕೊಂಡಿದ್ದು 1849ರಲ್ಲಿ. 1857ರ ದಂಗೆ ಮುಗಿದ ಮೇಲೆ ದೆಹಲಿಯನ್ನೂ ಈಗಿನ ಹರಿಯಾಣದ ಭಾಗಗಳನ್ನೂ ಅದಕ್ಕೆ ಸೇರಿಸಿದರು. 1901ರಲ್ಲಿ ಪೇಶಾವರದ ಕಡೆಯ ಜಿಲ್ಲೆಗಳನ್ನು ಬೇರೆ ಪ್ರಾಂತ್ಯ ಮಾಡಿದರು. ರಾಜಧಾನಿ ಕಲ್ಕತ್ತಾದಿಂದ ದೆಹಲಿಗೆ ಬಂದಾಗ ದೆಹಲಿಯನ್ನು ಹೊರಗೆ ತೆಗೆದರು.

ಈ ಗೆರೆಗಳನ್ನು ಎಳೆಯುವಾಗ ಯಾರೂ ಭಾಷೆಯನ್ನು ನೋಡಲಿಲ್ಲ. ಹಾಗಾಗಿ ರೋಹ್ಟಕ್‌ನ ಹರಿಯಾಣ್ವಿ, ಕಾಂಗ್ಡಾದ ಪಹಾಡಿ, ಲಾಹೋರ್‌ನ ಪಂಜಾಬಿ ಎಲ್ಲ ಒಂದೇ ಪ್ರಾಂತ್ಯದಲ್ಲಿ ಇದ್ದವು. ಸ್ವಾತಂತ್ರ್ಯದ ನಂತರದ ಅರ್ಧ ಜಗಳ ಇಲ್ಲಿಂದಲೇ ಹುಟ್ಟಿತು.

ರಣಜಿತ್ ಸಿಂಗ್ ಕಾಲದಲ್ಲಾದರೂ ಪಂಜಾಬಿ ಆಡಳಿತ ಭಾಷೆ ಆಗಿತ್ತಲ್ವಾ?

ಇಲ್ಲ. ತುಂಬಾ ಜನ ಆಗಿತ್ತು ಅಂದುಕೊಂಡಿದ್ದಾರೆ. ಸಿಖ್ ಮಹಾರಾಜ ರಣಜಿತ್ ಸಿಂಗ್ 1799ರಲ್ಲಿ ಲಾಹೋರ್ ಗೆದ್ದು 1839ರಲ್ಲಿ ತೀರಿಕೊಳ್ಳುವವರೆಗೂ ಆಳಿದ. ಮನೆಯಲ್ಲಿ, ಸೈನ್ಯದಲ್ಲಿ ಮಾತಾಡುತ್ತಿದ್ದದ್ದು ಪಂಜಾಬಿ. ದರ್ಬಾರಿನ ಕಾಗದಪತ್ರ ಮಾತ್ರ ಪರ್ಶಿಯನ್‌ನಲ್ಲಿ ನಡೆಯುತ್ತಿತ್ತು. ಬ್ರಿಟಿಷರು ಬಂದ ಮೇಲೆ 1850ರ ದಶಕದಲ್ಲಿ ಆ ಜಾಗಕ್ಕೆ ಉರ್ದು ತಂದರು. ಕೋರ್ಟು, ಕಂದಾಯ ಕಚೇರಿ, ಶಾಲೆ ಎಲ್ಲಾ ಕಡೆ ಉರ್ದು. ಸಿಖ್ಖರು ಪಂಜಾಬಿ ಬರೆಯುವ ಗುರುಮುಖಿ ಲಿಪಿಗೆ ಜಾಗ ಕೊಟ್ಟರೆ ಸಿಖ್ ರಾಜ್ಯದ ನೆನಪು ಮತ್ತೆ ಏಳಬಹುದು ಅನ್ನುವ ಅಳುಕು ಕೆಲವು ಅಧಿಕಾರಿಗಳಿಗೆ ಇತ್ತು.

ಹೀಗೆ ಕೋಟಿಗಟ್ಟಲೆ ಜನ ಮನೆಯಲ್ಲಿ ಆಡುವ ಭಾಷೆ ನೂರು ವರ್ಷ ಕಚೇರಿಯ ಬಾಗಿಲು ದಾಟಲೇ ಇಲ್ಲ. ಓದು ಬರಹ ಬಲ್ಲ ಪಂಜಾಬಿಗೂ ತನ್ನ ಭಾಷೆ ಅಂದರೆ ಬರೀ ಮಾತು, ಬರೆಯೋಕೆ ಇನ್ನೊಂದು ಬೇಕು ಅನ್ನುವುದು ರೂಢಿಯಾಗಿಬಿಟ್ಟಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಆದದ್ದಕ್ಕೆಲ್ಲ ಇದೇ ಬೇರು.

ಗುರುಮುಖಿ, ಶಾಹ್‌ಮುಖಿ ಎರಡು ಬೇರೆ ಭಾಷೆಗಳಾ?

ಅಲ್ಲ, ಒಂದೇ ಭಾಷೆಯ ಎರಡು ಲಿಪಿಗಳು. ಗುರುಮುಖಿಗೆ ಒಂದು ಕ್ರಮ ತಂದವರು ಎರಡನೇ ಗುರು ಅಂಗದ್. ಐದನೇ ಗುರು ಅರ್ಜನ್ 1604ರಲ್ಲಿ ಆದಿ ಗ್ರಂಥವನ್ನು ಸಂಪಾದಿಸಿದ್ದು ಈ ಲಿಪಿಯಲ್ಲೇ. ಮೂಲ ಅಕ್ಷರಗಳು 35. ಅದಕ್ಕೇ ಪಂಜಾಬಿನ ಮನೆಗಳಲ್ಲಿ ಅಕ್ಷರಮಾಲೆಗೆ 'ಪೈಂತಿ' ಅಂತಾರೆ. ಪೈಂತಿ ಅಂದರೆ ಮೂವತ್ತೈದು.

ಶಾಹ್‌ಮುಖಿ ಅಂದರೆ ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಬರೆಯುವ ಲಿಪಿ. ಪಾಕಿಸ್ತಾನದ ಪಂಜಾಬಿನಲ್ಲಿ ಬಳಕೆಯಲ್ಲಿರುವುದು ಇದು. ಸೂಫಿ ಕವಿಗಳಾದ ಶಾಹ್ ಹುಸೇನ್, ಬುಲ್ಲೆ ಶಾಹ್, ವಾರಿಸ್ ಶಾಹ್ ಅವರನ್ನು ಅಮೃತಸರದಲ್ಲಿ ಗುರುಮುಖಿಯಲ್ಲಿ ಓದುತ್ತಾರೆ, ಲಾಹೋರ್‌ನಲ್ಲಿ ಶಾಹ್‌ಮುಖಿಯಲ್ಲಿ ಓದುತ್ತಾರೆ. ಇಬ್ಬರೂ ಬಾಯಿಬಿಟ್ಟು ಹಾಡಿದರೆ ಒಂದೇ ಹಾಡು. ಕಾಗದದ ಮೇಲೆ ಬರೆದು ಕೊಟ್ಟರೆ ಒಬ್ಬರದ್ದು ಇನ್ನೊಬ್ಬರಿಗೆ ಓದಲು ಬರುವುದಿಲ್ಲ.

ಗುರು ಗ್ರಂಥ ಸಾಹಿಬ್‌ನಲ್ಲೇ ಶೇಖ್ ಫರೀದ್ ಎಂಬ ಮುಸ್ಲಿಂ ಸಂತನ ಪದಗಳಿವೆ. ಪಂಜಾಬಿ ಒಂದು ಧರ್ಮದ ಸೊತ್ತು ಅಂತ ಯಾರಾದರೂ ಹೇಳಿದರೆ ಈ ಒಂದು ಸಂಗತಿ ಸಾಕು.

ಪಂಜಾಬಿ ಹಿಂದಿಯ ಒಂದು ರೂಪ ಅಷ್ಟೇ ಅಂತಾರಲ್ಲ?

ಕೇಳಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಪಂಜಾಬಿಯಲ್ಲಿ ರಾಗದ ಏರಿಳಿತವೇ ಅರ್ಥ ಬದಲಿಸುತ್ತದೆ. ನಮ್ಮ ದೇಶದ ದೊಡ್ಡ ಭಾಷೆಗಳಲ್ಲಿ ಈ ಗುಣ ಬೇರೆಲ್ಲೂ ಇಷ್ಟು ಎದ್ದು ಕಾಣುವುದಿಲ್ಲ.

ಒಂದು ಉದಾಹರಣೆ. 'ಘೋಡಾ' ಅಂತ ಗುರುಮುಖಿಯಲ್ಲಿ ಬರೆಯುತ್ತಾರೆ, ಅರ್ಥ ಕುದುರೆ. ಆದರೆ ಪಂಜಾಬಿಯವರ ಬಾಯಲ್ಲಿ ಆ ಘಕಾರ ಬರುವುದೇ ಇಲ್ಲ. ಧ್ವನಿ ತಗ್ಗಿಸಿ 'ಕೋಡಾ' ಅನ್ನುತ್ತಾರೆ. ಅದೇ 'ಕೋಡಾ'ವನ್ನು ಸಮವಾಗಿ ಅಂದರೆ ಚಾವಟಿ. ಧ್ವನಿ ಏರಿಸಿ ಅಂದರೆ ಕುಷ್ಠರೋಗಿ. ಮೂರಕ್ಕೂ ನಾವು ಕನ್ನಡದಲ್ಲಿ ಒಂದೇ ಥರ ಬರೆಯಬೇಕಾಗುತ್ತದೆ, ಅವರ ಕಿವಿಗೆ ಮೂರೂ ಬೇರೆ. ಘ, ಝ, ಢ, ಧ, ಭ ಈ ಐದು ಅಕ್ಷರಗಳು ಪಂಜಾಬಿಯಲ್ಲಿ ಮಹಾಪ್ರಾಣಕ್ಕಿಂತ ಜಾಸ್ತಿ ರಾಗದ ಗುರುತಾಗಿ ಉಳಿದಿವೆ. ದೆಹಲಿಯವರು 'ಭಾಯಿ' ಅಂದರೆ ಅಮೃತಸರದವರ ಬಾಯಲ್ಲಿ ಅದು 'ಪಾಯಿ'ಗೆ ಹತ್ತಿರ ಕೇಳಿಸುವುದು ಇದಕ್ಕೇ.

ಇಷ್ಟಿದ್ದರೂ 1955ರಲ್ಲಿ ಸರ್ಕಾರದ ಆಯೋಗವೇ ಪಂಜಾಬಿ ಹಿಂದಿಯಿಂದ ಸಾಕಷ್ಟು ಬೇರೆಯಾಗಿಲ್ಲ ಅಂತ ಬರೆಯಿತು.

ಪಂಜಾಬಿ ಮಾತಾಡುವ ಹಿಂದೂಗಳು ಜನಗಣತಿಯಲ್ಲಿ 'ನಮ್ಮ ಮಾತೃಭಾಷೆ ಹಿಂದಿ' ಅಂತ ಬರೆಸಿದ್ದು ನಿಜವಾ?

ನಿಜ. ಇಡೀ ಕಥೆಯ ತಿರುಳು ಇದೇ.

1951ರ ಜನಗಣತಿಗೆ ಮುಂಚೆ ಆರ್ಯ ಸಮಾಜ ಮತ್ತು ಹಿಂದಿ ಪರ ಸಂಘಟನೆಗಳು ಪ್ರಚಾರ ಮಾಡಿದವು: ಭಾಷೆ ಯಾವುದು ಅಂತ ಕೇಳಿದರೆ ಹಿಂದಿ ಅಂತ ಹೇಳಿ. ಜಲಂಧರ್‌ನ ಪತ್ರಿಕೆಗಳೂ ಅದನ್ನೇ ಬರೆದವು. ಆ ಪತ್ರಿಕೆಗಳು ಪ್ರಿಂಟಾಗುತ್ತಿದ್ದದ್ದು ಉರ್ದುವಿನಲ್ಲಿ. ಓದುಗರು ಮನೆಯಲ್ಲಿ ಆಡುತ್ತಿದ್ದದ್ದು ಪಂಜಾಬಿ. ಬರೆಸಬೇಕಾಗಿದ್ದದ್ದು ಹಿಂದಿ! ಗಣತಿಯವರು ಬಾಗಿಲಿಗೆ ಬಂದಾಗ ಮನೆಯ ಯಜಮಾನ ಪಂಜಾಬಿಯಲ್ಲೇ ಮಾತಾಡಿ, ಪಂಜಾಬಿಯಲ್ಲೇ 'ನಮ್ಮ ಭಾಷೆ ಹಿಂದಿ' ಅಂತ ಬರೆಸಿದ. ಲೆಕ್ಕ ಎಷ್ಟು ಕೆಟ್ಟಿತು ಅಂದರೆ, ಕೊನೆಗೆ ಸರ್ಕಾರ ಪಂಜಾಬಿನ ಮಟ್ಟಿಗೆ ಹಿಂದಿ, ಉರ್ದು, ಪಂಜಾಬಿ, ಪಹಾಡಿಗಳನ್ನು ಬೇರೆ ಬೇರೆ ತೋರಿಸುವುದನ್ನೇ ಬಿಟ್ಟು ಒಟ್ಟಿಗೆ ಸೇರಿಸಿ ಅಂಕಿ ಕೊಟ್ಟಿತು.

ಅವರು ಯಾಕೆ ಹಾಗೆ ಮಾಡಿದರು? ಸುಮ್ನೆ ಬೈದರೆ ಅರ್ಥವಾಗುವುದಿಲ್ಲ. 1947ರಲ್ಲಿ ಅವರಲ್ಲಿ ತುಂಬಾ ಜನ ಲಾಹೋರ್, ರಾವಲ್ಪಿಂಡಿ, ಮುಲ್ತಾನ್‌ನಿಂದ ಉಟ್ಟ ಬಟ್ಟೆಯಲ್ಲಿ ಬಂದವರು. ಧರ್ಮದ ಹೆಸರಿನಲ್ಲಿ ನಾಡು ಒಡೆದರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡವರು. ಪಂಜಾಬಿ ಸೂಬಾ ಕೇಳುತ್ತಿದ್ದದ್ದು ಅಕಾಲಿ ದಳ, ಸಿಖ್ಖರ ಪಕ್ಷ. ಭಾಷೆಯ ಹೆಸರಿನಲ್ಲಿ ಸಿಖ್ ರಾಜ್ಯ ಕೇಳುತ್ತಿದ್ದಾರೆ, ಅಲ್ಲಿ ನಾವು ಅಲ್ಪಸಂಖ್ಯಾತರಾಗುತ್ತೇವೆ ಅನ್ನುವ ಭಯ ಅವರಿಗಿತ್ತು. ಕೆಲವು ಅಕಾಲಿ ನಾಯಕರ ಭಾಷಣಗಳು ಆ ಭಯಕ್ಕೆ ತುಪ್ಪ ಸುರಿದವು. ಪಂಜಾಬಿಗೆ ಗುರುಮುಖಿ ಒಂದೇ ಲಿಪಿ ಅನ್ನುವ ಪಟ್ಟು ಒಂದು ಕಡೆ, ದೇವನಾಗರಿಯಲ್ಲೂ ಬರೆಯಲು ಬಿಡಿ ಅನ್ನುವ ಪಟ್ಟು ಇನ್ನೊಂದು ಕಡೆ. ಲಿಪಿಗೆ ಧರ್ಮ ಅಂಟಿತು. ಆಮೇಲೆ ಭಾಷೆಗೂ ಅಂಟಿತು.

ಭಯವನ್ನು ನಾನು ಒಪ್ಪುತ್ತೇನೆ. ಆದರೆ ಅವ್ವ ಜೋಗುಳ ಹಾಡಿದ ಭಾಷೆಯನ್ನು ನಮ್ಮದಲ್ಲ ಅಂತ ಬರೆಸಿದ್ದು ದೊಡ್ಡ ತಪ್ಪು ಅಂತಲೇ ನನ್ನ ನಂಬಿಕೆ. ಆ ಸುಳ್ಳಿನಿಂದ ಹಿಂದೂಗಳಿಗೂ ಒಳ್ಳೆಯದಾಗಲಿಲ್ಲ, ಪಂಜಾಬಿಗೂ ಆಗಲಿಲ್ಲ. ಅದರ ಬೆಲೆ ಎಷ್ಟು ಅಂತ 1966ರಲ್ಲಿ ಗೊತ್ತಾಯಿತು.

ಸಾಚರ್ ಸೂತ್ರ ಅಂದರೇನು?

1949ರಲ್ಲಿ ಮುಖ್ಯಮಂತ್ರಿ ಭೀಮಸೇನ್ ಸಾಚರ್ ಕಾಲದಲ್ಲಿ ಬಂದ ರಾಜಿ. ರಾಜ್ಯವನ್ನು ಪಂಜಾಬಿ ವಲಯ, ಹಿಂದಿ ವಲಯ ಅಂತ ಮಾಡಿ, ಎರಡೂ ಕಡೆ ಇನ್ನೊಂದು ಭಾಷೆಯನ್ನೂ ಶಾಲೆಯಲ್ಲಿ ಕಲಿಸಬೇಕು ಅಂದರು. ಆರ್ಯ ಸಮಾಜದ ಶಾಲೆಗಳು ಒಪ್ಪಲಿಲ್ಲ. ಸೂತ್ರ ಅಲ್ಲಿಗೇ ಸಡಿಲವಾಯಿತು.

1956ರಲ್ಲಿ ಎಲ್ಲರಿಗೂ ಭಾಷಾವಾರು ರಾಜ್ಯ ಸಿಕ್ಕಿತಲ್ಲ, ಪಂಜಾಬಿಗೆ ಯಾಕೆ ಇಲ್ಲ?

ಎಲ್ಲರಿಗೂ ಸಿಗಲಿಲ್ಲ. ಮುಂಬೈ ರಾಜ್ಯ ಒಡೆದು ಮಹಾರಾಷ್ಟ್ರ, ಗುಜರಾತ್ ಆಗಿದ್ದು 1960ರಲ್ಲಿ. ಆದರೆ ಪಂಜಾಬಿಗೆ ಕೊಟ್ಟ ಉತ್ತರವೇ ಬೇರೆ ಥರ ಇತ್ತು.

ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು. ಕರ್ನಾಟಕಕ್ಕೆ ಹೂಂ ಅಂದಿದ್ದೂ ಇದೇ ವರದಿ. ಪಂಜಾಬಿ ಸೂಬಾಗೆ ಮಾತ್ರ ಎರಡು ಕಾರಣ ಕೊಟ್ಟು ಬೇಡ ಅಂದಿತು. ಒಂದು, ಪಂಜಾಬಿ ಹಿಂದಿಯಿಂದ ಸಾಕಷ್ಟು ಬೇರೆಯಾಗಿಲ್ಲ ಅನ್ನುವ, ಮೇಲೆ ಹೇಳಿದ ಮಾತು. ಎರಡು, ಅಲ್ಲಿನ ಜನರ ಒಟ್ಟಾರೆ ಬೆಂಬಲ ಈ ಬೇಡಿಕೆಗೆ ಇಲ್ಲ ಅನ್ನುವುದು. ಇದರ ಹಿಂದೆ ನೆಹರೂ ಅವರ ಅಳುಕೂ ಇತ್ತು. ಧರ್ಮದ ಆಧಾರದ ಮೇಲೆ ಇನ್ನೊಂದು ಗೆರೆ ಎಳೆಯಲು ಅವರು ಸಿದ್ಧರಿರಲಿಲ್ಲ, ಪಂಜಾಬಿ ಸೂಬಾ ಅವರ ಕಣ್ಣಿಗೆ ಹಾಗೇ ಕಂಡಿತು.

1956ರ ನವೆಂಬರ್ 1ರಂದು ಇಲ್ಲಿ ಮೈಸೂರು ರಾಜ್ಯ ದೊಡ್ಡದಾಯಿತು. ಅದೇ ದಿನ ಅಲ್ಲಿ ಪಟಿಯಾಲಾ ಮೊದಲಾದ ಸಂಸ್ಥಾನಗಳ ಒಕ್ಕೂಟವಾದ ಪೆಪ್ಸು ಪಂಜಾಬಿನಲ್ಲಿ ಸೇರಿತು. ರಾಜ್ಯ ದೊಡ್ಡದಾಯಿತು, ಭಾಷೆಯ ಪ್ರಶ್ನೆ ಹಾಗೇ ಉಳಿಯಿತು.

ಘೋಷಣೆ ಕೂಗಿದ್ದಕ್ಕೇ ಜೈಲಿಗೆ ಹಾಕಿದ್ದರಾ?

ಹೌದು. 1955ರ ಏಪ್ರಿಲ್‌ನಲ್ಲಿ 'ಪಂಜಾಬಿ ಸೂಬಾ ಜಿಂದಾಬಾದ್' ಅಂತ ಕೂಗುವುದನ್ನೇ ನಿಷೇಧಿಸಿದರು. ಅಕಾಲಿಗಳು ದಿನಾ ತಂಡ ತಂಡವಾಗಿ ಹೊರಬಂದು ಅದನ್ನೇ ಕೂಗಿ ಬಂಧನಕ್ಕೆ ಒಳಗಾದರು. ಸುಮಾರು 12,000 ಜನ ಜೈಲು ಸೇರಿದರು. ಜುಲೈ 4ರಂದು ಪೊಲೀಸರು ಸ್ವರ್ಣಮಂದಿರದ ಆವರಣಕ್ಕೇ ನುಗ್ಗಿದರು. ಸುಮಾರು ಒಂದು ವಾರದಲ್ಲಿ ನಿಷೇಧ ವಾಪಸ್ ಆಯಿತು. ಮುಖ್ಯಮಂತ್ರಿ ಸಾಚರ್ ಅಲ್ಲಿರುವ ಸಿಖ್ಖರ ಅತಿ ದೊಡ್ಡ ಧರ್ಮಪೀಠ ಅಕಾಲ್ ತಖ್ತ್‌ಗೆ ಹೋಗಿ ಕ್ಷಮೆ ಕೇಳಿದರು. ಆಮೇಲೆ ಹೆಚ್ಚು ದಿನ ಅವರ ಕುರ್ಚಿ ಉಳಿಯಲಿಲ್ಲ. 1956ರ ಜನವರಿಯಲ್ಲಿ ಪ್ರತಾಪ್ ಸಿಂಗ್ ಕೈರೋನ್ ಬಂದರು. ಕೈರೋನ್ ಸಿಖ್ಖರೇ, ಆದರೆ ಸೂಬಾಕ್ಕೆ ಕಡು ವಿರೋಧಿ.

1957ರಲ್ಲಿ ಎದುರು ಚಳವಳಿ ನಡೆಯಿತು. ಪಂಜಾಬಿ ಕಡ್ಡಾಯ ಬೇಡ, ಹಿಂದಿ ಉಳಿಸಿ ಅಂತ. 1960ರಲ್ಲಿ ಮತ್ತೆ ಸೂಬಾ ಚಳವಳಿ. ಆ ಸಲ ಸರ್ಕಾರದ ಲೆಕ್ಕದಲ್ಲೇ ಸುಮಾರು 26,000 ಬಂಧನ, ಅಕಾಲಿಗಳ ಲೆಕ್ಕದಲ್ಲಿ 57,000.

ಮಾಸ್ಟರ್ ತಾರಾ ಸಿಂಗ್ ಮತ್ತು ಸಂತ ಫತೇ ಸಿಂಗ್ ಯಾರು?

ಚಳವಳಿಯ ಇಬ್ಬರು ದೊಡ್ಡ ನಾಯಕರು. ತಾರಾ ಸಿಂಗ್ ಹುಟ್ಟಿದ್ದು 1885ರಲ್ಲಿ, ರಾವಲ್ಪಿಂಡಿಯ ಕಡೆ, ಹಿಂದೂ ಮನೆಯಲ್ಲಿ. ಚಿಕ್ಕ ವಯಸ್ಸಿನಲ್ಲೇ ಸಿಖ್ ಆದರು, ಮೇಷ್ಟ್ರಾಗಿದ್ದರು, ಅದಕ್ಕೇ 'ಮಾಸ್ಟರ್'. 1961ರ ಆಗಸ್ಟ್ 15ರಂದು ಸೂಬಾಕ್ಕಾಗಿ ಆಮರಣ ಉಪವಾಸ ಕೂತರು. 48 ದಿನ ಆದ ಮೇಲೆ, ಸೂಬಾ ಸಿಗದೇ ಇದ್ದರೂ ಉಪವಾಸ ಬಿಟ್ಟರು. ಅಕಾಲ್ ತಖ್ತ್‌ನಲ್ಲಿ ಮಾಡಿದ ಪ್ರತಿಜ್ಞೆ ಮುರಿದಿದ್ದಕ್ಕೆ ಅವರಿಗೆ ಧಾರ್ಮಿಕ ಶಿಕ್ಷೆ ಆಯಿತು. ಗುರುದ್ವಾರಕ್ಕೆ ಬಂದವರ ಚಪ್ಪಲಿ ಶುಚಿ ಮಾಡಬೇಕು, ಪಾತ್ರೆ ತೊಳೆಯಬೇಕು. ಎಪ್ಪತ್ತು ದಾಟಿದ ಆ ನಾಯಕರು ಕೂತು ಮಾಡಿದರು. ಆದರೆ ಜನರ ನಂಬಿಕೆ ವಾಪಸ್ ಬರಲಿಲ್ಲ.

ಸಂತ ಫತೇ ಸಿಂಗ್ ಪಂಜಾಬಿನ ಮಾಲ್ವಾ ಸೀಮೆಯವರು, ಹಳ್ಳಿಗಾಡಿನ ರೈತರ ನಡುವಿನಿಂದ ಬಂದವರು. ಅವರೂ ಉಪವಾಸ ಮಾಡಿದ್ದರು, 1960ರ ಡಿಸೆಂಬರ್ 18ರಿಂದ 1961ರ ಜನವರಿ 9ರವರೆಗೆ. 1962ರಲ್ಲಿ ಬೇರೆ ಅಕಾಲಿ ದಳ ಕಟ್ಟಿದರು. ಅವರು ಮಾಡಿದ ದೊಡ್ಡ ಕೆಲಸ ಒಂದೇ: 'ನಮಗೆ ಎಷ್ಟು ಸಿಖ್ಖರು ಇರುತ್ತಾರೆ ಅನ್ನುವ ಲೆಕ್ಕ ಬೇಡ, ಪಂಜಾಬಿ ಭಾಷೆಯ ರಾಜ್ಯ ಕೊಡಿ' ಅನ್ನುವ ಧಾಟಿಯಲ್ಲಿ ಬೇಡಿಕೆಯನ್ನು ತಿರುಗಿಸಿದ್ದು. ಈ ಮಾತನ್ನು ಹದಿನೈದು ವರ್ಷ ಮುಂಚೆ ಇಷ್ಟೇ ಸ್ಪಷ್ಟವಾಗಿ ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ಗಣತಿಯ ಉತ್ತರ ಬೇರೆಯಾಗಿರುತ್ತಿತ್ತೇನೋ.

ಹಾಗಾದರೆ 1966ರಲ್ಲಿ ಹೇಗೆ ಸಿಕ್ಕಿತು?

ನೆಹರೂ 1964ರಲ್ಲಿ ತೀರಿಕೊಂಡರು. 1965ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಆಯಿತು. ಫತೇ ಸಿಂಗ್ ಆಗಲೇ ಉಪವಾಸ ಘೋಷಿಸಿದ್ದರು, ಯುದ್ಧ ಅಂತ ಮುಂದಕ್ಕೆ ಹಾಕಿದರು. ಗಡಿ ಜಿಲ್ಲೆಗಳ ಪಂಜಾಬಿ ರೈತರು ಸೈನಿಕರಿಗೆ ಊಟ, ಲಾರಿ, ಟ್ರ್ಯಾಕ್ಟರ್ ಒದಗಿಸಿ ಜೊತೆಗೆ ನಿಂತರು. ಇವರನ್ನು ಅನುಮಾನದಿಂದ ನೋಡುವುದು ಸರಿಯಲ್ಲ ಅಂತ ದೆಹಲಿಗೂ ಅನಿಸಿತು. ಲೋಕಸಭೆಯ ಸ್ಪೀಕರ್ ಹುಕಂ ಸಿಂಗ್ ಅಧ್ಯಕ್ಷತೆಯ ಸಂಸದೀಯ ಸಮಿತಿ ಸೂಬಾ ಪರವಾಗಿ ನಿಂತಿತು. 1966ರ ಮಾರ್ಚ್ 9ರಂದು ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಒಪ್ಪಿತು. ಆಗ ಪ್ರಧಾನಿ ಇಂದಿರಾ ಗಾಂಧಿ.

ಗಡಿ ಗುರುತಿಸಲು ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಬಂತು. ಅದು ಆಧಾರ ಮಾಡಿಕೊಂಡದ್ದು 1961ರ ಜನಗಣತಿಯನ್ನು. 1951ರ ಹಾಗೇ ಅದೂ 'ನಮ್ಮ ಭಾಷೆ ಹಿಂದಿ' ಅಂತ ಬರೆಸಿದ ಉತ್ತರಗಳು ತುಂಬಿದ ಗಣತಿ.

ಹೊಸ ಪಂಜಾಬಿಗೆ ಏನು ಉಳಿಯಿತು, ಏನು ಹೋಯಿತು?

ದಕ್ಷಿಣದ ಹಿಂದಿ ಜಿಲ್ಲೆಗಳು ಹರಿಯಾಣ ಆದವು. ಅದು ನ್ಯಾಯವೇ, ಅಲ್ಲಿನ ಜನರಿಗೂ ತಮ್ಮ ರಾಜ್ಯ ಬೇಕಿತ್ತು. ಕಾಂಗ್ಡಾ, ಕುಲು, ಶಿಮ್ಲಾ, ಲಾಹೌಲ್-ಸ್ಪಿತಿ, ಊನಾದಂಥ ಗುಡ್ಡಗಾಡು ಹಿಮಾಚಲಕ್ಕೆ ಹೋಯಿತು. ಗಣತಿಯಲ್ಲಿ ಹಿಂದಿ ಅಂತ ಬರೆಸಿದ್ದ ಪಂಜಾಬಿ ಮಾತಿನ ಎಷ್ಟೋ ಹಳ್ಳಿಗಳು ಗೆರೆಯ ಆಚೆ ಉಳಿದವು. ಉಳಿದ ಪಂಜಾಬ್ 50,362 ಚದರ ಕಿಲೋಮೀಟರ್, ಕರ್ನಾಟಕದ ಸುಮಾರು ಕಾಲು ಭಾಗ. ಭಾಷೆಯ ರಾಜ್ಯ ಆದರೆ ತಾವು ಅಲ್ಪಸಂಖ್ಯಾತರಾಗುತ್ತೇವೆ ಅಂತ ಹೆದರಿ ಭಾಷೆಯನ್ನು ಬಿಟ್ಟುಕೊಟ್ಟರಲ್ಲ, ಅದರಿಂದಲೇ ರಾಜ್ಯ ಇನ್ನೂ ಚಿಕ್ಕದಾಗಿ ಆ ಭಯವೇ ನಿಜವಾಯಿತು. ಇಂದಿನ ಪಂಜಾಬಿನಲ್ಲಿ 2011ರ ಗಣತಿಯಂತೆ ಸಿಖ್ಖರು ಸುಮಾರು 58%, ಹಿಂದೂಗಳು ಸುಮಾರು 38%.

ಗುರುಮುಖಿಯಲ್ಲಿ ಪಂಜಾಬಿ ಆಡಳಿತ ಭಾಷೆ ಆಗಿದ್ದು 1967ರ ಕಾಯ್ದೆಯಿಂದ. ಆಗ ಲಛ್ಮನ್ ಸಿಂಗ್ ಗಿಲ್ ಮುಖ್ಯಮಂತ್ರಿ. ಅವರ ಸರ್ಕಾರ ಇದ್ದದ್ದು ಒಂಬತ್ತೇ ತಿಂಗಳು, ಆದರೆ ಈ ಒಂದು ಕೆಲಸಕ್ಕೆ ಪಂಜಾಬಿಗಳು ಅವರನ್ನು ಇವತ್ತಿಗೂ ನೆನೆಯುತ್ತಾರೆ.

ಚಂಡೀಗಢ ಯಾರದು?

ಕಾಗದದಲ್ಲಿ ಕೇಂದ್ರಾಡಳಿತ ಪ್ರದೇಶ, ಎರಡೂ ರಾಜ್ಯಗಳ ರಾಜಧಾನಿ. ಲಾಹೋರ್ ಕಳೆದುಕೊಂಡ ಪಂಜಾಬಿಗಾಗಿ ಕಟ್ಟಿದ ಊರು ಇದು. ಪುಆಧಿ ಎಂಬ ಪಂಜಾಬಿ ಉಪಭಾಷೆಯ ಹಳ್ಳಿಗಳನ್ನು ಎಬ್ಬಿಸಿ ಆ ನೆಲದಲ್ಲಿ ಕಟ್ಟಿದರು. ಶಾ ಆಯೋಗದ ಬಹುಮತ ಇದನ್ನು ಹರಿಯಾಣಕ್ಕೆ ಕೊಡಿ ಅಂದಿತ್ತು. ಕೇಂದ್ರ ಯಾರಿಗೂ ಕೊಡದೆ ತಾನೇ ಇಟ್ಟುಕೊಂಡಿತು. 1969ರಲ್ಲಿ ದರ್ಶನ್ ಸಿಂಗ್ ಫೇರುಮಾನ್ ಚಂಡೀಗಢಕ್ಕಾಗಿ 74 ದಿನ ಉಪವಾಸವಿದ್ದು ಪ್ರಾಣ ಬಿಟ್ಟರು. 1970ರಲ್ಲಿ ಇಂದಿರಾ ಗಾಂಧಿ ಪಂಜಾಬಿಗೆ ಅಂದರು. 1985ರ ಜುಲೈ 24ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಅಕಾಲಿ ನಾಯಕ ಲೊಂಗೋವಾಲ್ ಮಾಡಿಕೊಂಡ ಒಪ್ಪಂದ 1986ರ ಜನವರಿ 26ಕ್ಕೆ ಕೊಡುತ್ತೇವೆ ಅಂದಿತು. ಒಂದು ತಿಂಗಳೊಳಗೆ ಲೊಂಗೋವಾಲ್ ಕೊಲೆಯಾದರು. ಆ ಜನವರಿ 26 ಬಂದು ಹೋಯಿತು.

ಕಂದೂಖೇಡಾ ಅನ್ನುವ ಹಳ್ಳಿಯ ಕಥೆ ಏನು?

ಚಂಡೀಗಢಕ್ಕೆ ಬದಲಾಗಿ ಅಬೋಹರ್ ಮತ್ತು ಫಾಜಿಲ್ಕಾ ಸೀಮೆಯ ಹಿಂದಿ ಹಳ್ಳಿಗಳನ್ನು ಹರಿಯಾಣಕ್ಕೆ ಕೊಡಬೇಕು ಅನ್ನುವ ಮಾತಿತ್ತು. ಆದರೆ ಆ ಹಳ್ಳಿಗಳು ಹರಿಯಾಣಕ್ಕೆ ಅಂಟಿಕೊಂಡಿರಲಿಲ್ಲ. ನಡುವೆ ಇದ್ದದ್ದು ಕಂದೂಖೇಡಾ. ಅದು ಹಿಂದಿಯದಾದರೆ ದಾರಿ ಸಿಗುತ್ತದೆ, ಪಂಜಾಬಿಯದಾದರೆ ಇಲ್ಲ.

1986ರ ಜನವರಿಯಲ್ಲಿ ಮ್ಯಾಥ್ಯೂ ಆಯೋಗ ಆ ಒಂದು ಹಳ್ಳಿಯ ಭಾಷಾ ಗಣತಿ ಮಾಡಿಸಿತು. ಎರಡೂ ರಾಜ್ಯಗಳ ರಾಜಕಾರಣಿಗಳು ಬಂದು ಕೂತರು. ರಾಜಸ್ಥಾನದ ಗಡಿಗೆ ಹತ್ತಿರದ ಸೀಮೆ ಅದು, ಅಲ್ಲಿನ ಮಾತಿನಲ್ಲಿ ಬಾಗ್ಡಿಯೂ ಬೆರೆತಿದೆ, ಪಂಜಾಬಿಯೂ ಬೆರೆತಿದೆ. ಕೇಳಿದಾಗ ಹೆಚ್ಚಿನವರು ಪಂಜಾಬಿ ಅಂದರು. ಚಂಡೀಗಢ ಅಲ್ಲೇ ನಿಂತಿತು. 1951ರಲ್ಲಿ ಬಾಗಿಲಿಗೆ ಬಂದ ಪ್ರಶ್ನೆಯೇ 35 ವರ್ಷದ ಮೇಲೆ ಈ ಹಳ್ಳಿಯ ಬಾಗಿಲಿಗೂ ಬಂದಿತ್ತು. ಎರಡು ಸಲವೂ ಜನ ಉತ್ತರ ಕೊಟ್ಟಿದ್ದು ಗೆರೆ ಎಲ್ಲಿ ಬೀಳುತ್ತದೆ ಅಂತ ನೋಡಿಕೊಂಡೇ.

ನೀರಿನ ಜಗಳವೂ ಇದರಿಂದಲೇ ಬಂದಿದ್ದಾ?

ಹೌದು. ರಾಜ್ಯ ಒಡೆದಾಗ ನದಿ ನೀರು ಹಂಚಬೇಕಾಯಿತು. ಸಟ್ಲೆಜ್-ಯಮುನಾ ಜೋಡಣೆ ಕಾಲುವೆಗೆ 1982ರ ಏಪ್ರಿಲ್ 8ರಂದು ಕಪೂರಿ ಹಳ್ಳಿಯಲ್ಲಿ ಕೆಲಸ ಶುರುವಾಯಿತು, ಪಂಜಾಬಿನ ಭಾಗ ಇನ್ನೂ ಮುಗಿದಿಲ್ಲ. ಕಾವೇರಿ ನೋಡಿದ ನಮಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಗಡಿಯಾಚೆಯ ಪಂಜಾಬಿನಲ್ಲಿ ಪಂಜಾಬಿಯ ಗತಿ ಏನು?

ಪಂಜಾಬಿ ಮಾತಾಡುವವರು ಜಾಸ್ತಿ ಇರುವುದು ಅಲ್ಲೇ. ಭಾರತದಲ್ಲಿ 2011ರ ಗಣತಿಯಂತೆ ಸುಮಾರು 3.3 ಕೋಟಿ, ಪಾಕಿಸ್ತಾನದಲ್ಲಿ 2017ರ ಗಣತಿಯಂತೆ ಜನಸಂಖ್ಯೆಯ ಸುಮಾರು 39%. ಆದರೂ ಶಾಲೆಯಲ್ಲಿ, ಕಚೇರಿಯಲ್ಲಿ ಉರ್ದು ಮತ್ತು ಇಂಗ್ಲಿಷ್. ಲಾಹೋರ್‌ನ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ತಮ್ಮತಮ್ಮಲ್ಲಿ ಪಂಜಾಬಿ ಆಡಿ ಮಕ್ಕಳ ಜೊತೆ ಉರ್ದುವಿಗೆ ತಿರುಗುತ್ತಾರೆ. ದಕ್ಷಿಣದ ಮುಲ್ತಾನ್, ಬಹಾವಲ್‌ಪುರದ ಕಡೆಯವರು ತಮ್ಮದು ಸರಾಯ್ಕಿ, ಪಂಜಾಬಿ ಅಲ್ಲ ಅಂತ ಬೇರೆ ಪ್ರಾಂತ್ಯ ಕೇಳುತ್ತಿದ್ದಾರೆ. 1981ರಿಂದ ಗಣತಿಯಲ್ಲಿ ಸರಾಯ್ಕಿಯನ್ನು ಬೇರೆಯಾಗಿ ಎಣಿಸುತ್ತಾರೆ.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ. ಬೆಳಗಾವಿ ವಿಷಯ ಬಂದಾಗಲೆಲ್ಲ ನಾವು ಹೇಳುವ ಮಹಾಜನ್ ವರದಿ ಬರೆದ ಮೆಹರ್ ಚಂದ್ ಮಹಾಜನ್ ಹುಟ್ಟಿದ್ದು ಆಗಿನ ಪಂಜಾಬಿನ ಕಾಂಗ್ಡಾ ಜಿಲ್ಲೆಯಲ್ಲಿ. 1947ರಲ್ಲಿ ರಾಡ್‌ಕ್ಲಿಫ್ ಕೈಕೆಳಗಿನ ಪಂಜಾಬ್ ಗಡಿ ಆಯೋಗದಲ್ಲಿದ್ದ ನಾಲ್ಕು ನ್ಯಾಯಮೂರ್ತಿಗಳಲ್ಲಿ ಅವರೂ ಒಬ್ಬರು. ಕರ್ನಾಟಕ-ಮಹಾರಾಷ್ಟ್ರ ಗಡಿ ನೋಡಲು ಅವರನ್ನು ನೇಮಿಸಿದ್ದು 1966ರ ಅಕ್ಟೋಬರ್ 25ರಂದು. ಒಂದೇ ವಾರದಲ್ಲಿ ಅವರು ಹುಟ್ಟಿದ ಕಾಂಗ್ಡಾ ಪಂಜಾಬ್ ಬಿಟ್ಟು ಹಿಮಾಚಲಕ್ಕೆ ಸೇರಿತು.

ಇಲ್ಲಿಂದ ಅಲ್ಲಿಗೂ ಒಬ್ಬರು ಹೋದರು. ಕಂದೂಖೇಡಾ ಆದ ಮೇಲೆ, ಹರಿಯಾಣಕ್ಕೆ ಎಷ್ಟು ನೆಲ ಕೊಡಬೇಕು ಅಂತ ಹೇಳಲು 1986ರಲ್ಲಿ ನೇಮಕವಾದವರು ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಮಂಡ್ಯ ಜಿಲ್ಲೆಯವರು, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ ಆದರು. 70,000 ಎಕರೆ ಕೊಡಬೇಕು ಅಂದರು. ಅದೂ ಜಾರಿಗೆ ಬರಲಿಲ್ಲ.

ಗುರುಮುಖಿಯನ್ನು ಕಣ್ಣಾರೆ ನೋಡಬೇಕು ಅಂದರೆ ಅಮೃತಸರಕ್ಕೇ ಹೋಗಬೇಕಿಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ. ಗುರು ಗೋಬಿಂದ್ ಸಿಂಗ್ ಅವರ ಮೊದಲ ಐವರು ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಝರಿಯ ನೀರು ಕುಡಿದು, ಲಂಗರ್‌ನಲ್ಲಿ ಊಟಕ್ಕೆ ಕೂತಾಗ ಪಕ್ಕದವರನ್ನು 'ಘೋಡಾ' ಅನ್ನಲು ಹೇಳಿ. ಆ ಘಕಾರ ಎಲ್ಲಿ ಹೋಯಿತು ಅಂತ ನಿಮ್ಮ ಕಿವಿಗೇ ಕೇಳಿಸುತ್ತದೆ.